ಬಾಗಿದ ಪಿನ್ ಬಗ್ಗೆ ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ರೊಸೆಸರ್ ಕೈಜಾರಿ ಅದರ ಮೂಲೆ ಮದರ್‌ಬೋರ್ಡಿನ ಸಾಕೆಟ್ಟಿಗೆ (ಪ್ರೊಸೆಸರ್ ಕೂರುವ ಜಾಗಕ್ಕೆ) ತಾಗಿದ ಕಡೆ ಆರೇಳು ಪಿನ್ ಮಲಗಿವೆ, ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಬೋರ್ಡ್ ಸತ್ತಿಲ್ಲ. ಆದರೆ 'ಒಂದ್ಸಲ ಆನ್ ಮಾಡಿ ನೋಡ್ತೀನಿ' ಅಂತ ಮಾತ್ರ ಹೋಗಬೇಡ. ಆ ಎರಡರಲ್ಲಿ ಒಂದು ವೋಲ್ಟೇಜಿನದು, ಇನ್ನೊಂದು ಗ್ರೌಂಡ್ ಆಗಿದ್ದರೆ ಬೋರ್ಡಿನ ಜೊತೆ ಪ್ರೊಸೆಸರೂ ಹೋಗಬಹುದು. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಆದರೂ ಮಾರಿದವರನ್ನು ಒಂದು ಮಾತು ಕೇಳಿಯೇ ಮುಟ್ಟು.

ಪೆನ್ಸಿಲ್ಲಿನಿಂದ ಪಿನ್ ನೆಟ್ಟಗೆ ಮಾಡುವ ಉಪಾಯದ ವಿಡಿಯೋ ನೀನೂ ನೋಡಿರುತ್ತೀಯ. ಅದು ಎಎಂಡಿಯ ಎಎಂ4 ಪ್ರೊಸೆಸರುಗಳಿಗೆ ಸರಿ. ಅಲ್ಲಿ ಪಿನ್ ಇರುವುದು ಪ್ರೊಸೆಸರಿನ ಅಡಿಯಲ್ಲಿ, ನೆಟ್ಟಗೆ ಕಡ್ಡಿಯ ಹಾಗೆ; ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಟೊಳ್ಳು ತುದಿ ಅದರ ಮೇಲೆ ಕೂರುತ್ತದೆ. ನಿನ್ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ (ಇಂಟೆಲ್ ಪ್ರೊಸೆಸರಿನದು) ಇರುವುದು ಓರೆಯಾಗಿ ಎದ್ದ 1700 ಸ್ಪ್ರಿಂಗ್ ಎಲೆಗಳು. ಇದಕ್ಕೆ ಸಣ್ಣ ಹೊಲಿಗೆ ಸೂಜಿ, ಚೂಪು ಮೂತಿಯ ಚಿಮಟ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಮಸೂರ ಸಾಕು.

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆ. ಬಾಯಿಂದ ಊದಬೇಡ, ಎಂಜಲು ಹಾರುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿ: ಸರಿಯಿರುವ ಪಿನ್ನುಗಳ ತುದಿ ಸಾಲಾಗಿ ಮಿನುಗುತ್ತವೆ, ಬಾಗಿದ್ದು ಸಾಲು ಮುರಿಯುತ್ತದೆ. ಹೋಲಿಕೆಗೆ ಪಕ್ಕದ ಪಿನ್ನನ್ನೇ ನೋಡು, ಕೆಲವು ಸಾಕೆಟ್ಟುಗಳಲ್ಲಿ ಎರಡು ಭಾಗದ ಪಿನ್ನುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುತ್ತವೆ.

ಗುಂಪಿನ ಅಂಚಿನಲ್ಲಿರುವುದರಿಂದ ಶುರು ಮಾಡು. ಸೂಜಿಯನ್ನು ಎಲೆಯ ಕೆಳಗೆ, ಕತ್ತಿನ ಹತ್ತಿರ ತೂರಿಸಿ ಕೂದಲೆಳೆಯಷ್ಟು ಎತ್ತು, ನಿಲ್ಲಿಸು, ನೋಡು. ತುದಿ ಹಿಡಿದು ಎಳೆದರೆ ಕೊಕ್ಕೆಯಾಗುತ್ತದೆ. ಚಿನ್ನದ ಲೇಪವಿರುವ ತಾಮ್ರದ ಮಿಶ್ರಲೋಹ ಅದು. ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಮುರಿಯಬಹುದು. ಸ್ವಲ್ಪ ಸೊಟ್ಟ ಇದ್ದರೂ ತುದಿ ತನ್ನ ಜಾಗದಲ್ಲಿದ್ದರೆ ಸಾಕು, ಅಂದ ನೋಡುತ್ತಾ ಕೂರಬೇಡ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಎತ್ತರ ಮಾತ್ರ ನೋಡು: ತಗ್ಗಿದ್ದು ಪ್ರೊಸೆಸರಿಗೆ ತಾಗುವುದೇ ಇಲ್ಲ, ಎತ್ತರವಿದ್ದದ್ದು ಒತ್ತಿದಾಗ ಪಕ್ಕದ್ದರ ಮೇಲೆ ಬೀಳುತ್ತದೆ.

ಪ್ರೊಸೆಸರ್ ಕೂರಿಸುವ ಮುಂಚೆಯೇ ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಒಂದು ಕಡ್ಡಿಯನ್ನು ಸಾಕೆಟ್ ಪಕ್ಕದ ಚೋಕ್ (ಚೌಕಾಕಾರದ ಸುರುಳಿ ಡಬ್ಬಿ) ಕಾಲಿಗೆ, ಇನ್ನೊಂದನ್ನು ಸ್ಕ್ರೂ ತೂತಿನ ಅಂಚಿಗೆ ಇಡು. ಬೀಪ್ ಒಂದು ಕ್ಷಣ ಬಂದು ನಿಂತರೆ ಕೆಪಾಸಿಟರ್ ತುಂಬಿಕೊಂಡದ್ದು, ತೊಂದರೆಯಿಲ್ಲ. ನಿಲ್ಲದಿದ್ದರೆ ಇನ್ನೂ ಶಾರ್ಟ್ ಇದೆ. ಪ್ರೊಸೆಸರ್ ಕೂತ ಮೇಲೆ ಈ ಪರೀಕ್ಷೆ ಕೆಲಸಕ್ಕೆ ಬಾರದು, ಅದರ ರೋಧವೇ ಅಷ್ಟು ಕಡಿಮೆ.

ಕೂರಿಸುವಾಗ ಅಂಚು ಹಿಡಿದು ನೇರ ಇಳಿಸು, ಜಾರಿಸಬೇಡ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಗೇ ಇರಲಿ, ಲಿವರ್ ಒತ್ತುವಾಗ ತಾನೇ ಕಳಚುತ್ತದೆ. ಆ ಕಿರ್ ಸದ್ದಿಗೆ ಗಾಬರಿಯಾಗಬೇಡ. ಮುಚ್ಚಳ ಎತ್ತಿಡು, ಬೋರ್ಡ್ ವಾಪಸ್ ಕಳಿಸಬೇಕಾದರೆ ಕೇಳುತ್ತಾರೆ.

ಮೊದಲ ಸಲ ಒಂದೇ ರ‍್ಯಾಮ್ ಕಡ್ಡಿ ಹಾಕಿ ಆನ್ ಮಾಡು, ಆಮೇಲೆ ಅದನ್ನೇ ಒಂದೊಂದು ಸ್ಲಾಟಿನಲ್ಲೂ ಹಾಕಿ ನೋಡು. ಒಂದು ಚಾನೆಲ್ಲಿನ (ಪ್ರೊಸೆಸರ್ ಮೆಮೊರಿ ಜೊತೆ ಮಾತಾಡುವ ಒಂದು ದಾರಿಯ) ಸ್ಲಾಟ್‌ಗಳು ಮಾತ್ರ ಸತ್ತಿದ್ದರೆ ಆ ಚಾನೆಲ್ಲಿನ ಪಿನ್ ತಾಗುತ್ತಿಲ್ಲ ಅಂತಲೇ ಮೊದಲ ಅನುಮಾನ. ಆದರೆ ಅದಕ್ಕೂ ಮುಂಚೆ ಕೂಲರಿನ ಸ್ಕ್ರೂ ಸಡಿಲಿಸಿ ಸಮನಾಗಿ ಮತ್ತೆ ಬಿಗಿ ಮಾಡು; ಒಂದು ಕಡೆ ಹೆಚ್ಚು ಒತ್ತಿದರೂ ಇದೇ ಲಕ್ಷಣ. ಗ್ರಾಫಿಕ್ಸ್ ಕಾರ್ಡ್ ಲೋಡಿನಲ್ಲಿ 16 ಲೇನ್ (ಡೇಟಾ ಹೋಗುವ ದಾರಿ) ಬದಲು 8 ತೋರಿಸಿದರೂ ಸಾಕೆಟ್ ಕಡೆ ನೋಡು.

ಪಿನ್ ಮುರಿದೇ ಹೋದರೆ ಇಂಟೆಲ್ ಡೇಟಾಶೀಟಿನ ಪಟ್ಟಿಯಲ್ಲಿ ಅದರ ಹೆಸರು ಹುಡುಕು. ಗ್ರೌಂಡ್ ಪಿನ್ನುಗಳು ನೂರಾರು. ಒಂದು ಹೋದರೆ ಸಾಮಾನ್ಯವಾಗಿ ನಡೆಯುತ್ತದೆ. ಮೆಮೊರಿ ಡೇಟಾ ಪಿನ್ ಆದರೆ ಸಾಕೆಟ್ಟನ್ನೇ ಬದಲಿಸಬೇಕು. ಅದು ಬಿಜಿಎ ಮಷಿನ್ (ಬೆಸುಗೆ ಬಿಡಿಸಿ ಮತ್ತೆ ಕೂರಿಸುವಂಥದ್ದು) ಇಟ್ಟುಕೊಂಡ ಚಿಪ್ ಲೆವೆಲ್ ಅಂಗಡಿಯ ಕೆಲಸ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸು. ಅವರು ಹೇಳಿದ ರೇಟು ಇಂಥದ್ದೇ ಬೋರ್ಡಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ನಾನಾದರೆ ಬಿಡುತ್ತೇನೆ.

ಸೂಜಿ ಹಿಡಿಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಕಳಿಸು. ಇದರಲ್ಲಿ ಎಡ ಮೂಲೆ ಮಸುಕಾಗಿದೆ.

ನಿನ್ನ ಗೆಳೆಯ