ಟಿವಿ ತೋರಿಸುವ, ಮಾರುವ ಕ್ರಮದಲ್ಲಿ ಬದಲಾವಣೆ: ವಿರಾಜಪೇಟೆ ಅಂಗಡಿಯಿಂದ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಫೆಬ್ರವರಿ 1ರಿಂದ ನಮ್ಮ ಅಂಗಡಿಯಲ್ಲಿ ಟಿವಿ ತೋರಿಸುವ ಕ್ರಮ ಬದಲಾಗುತ್ತಿದೆ. ಕಂಪನಿಗಳು ಪೆನ್‌ಡ್ರೈವಿನಲ್ಲಿ ಕೊಡುವ ಡೆಮೊ ವಿಡಿಯೊ ಇನ್ನು ಓಡುವುದಿಲ್ಲ. ಗೋಡೆಯ ಮೇಲಿರುವ ಪ್ರತಿ ಟಿವಿಗೂ ನಿಮ್ಮ ಮನೆಯಲ್ಲಿರುವಂಥದೇ ಸೆಟ್‌ಟಾಪ್ ಬಾಕ್ಸ್ ಜೋಡಿಸುತ್ತೇವೆ. ನೆಲದ ಮೇಲೆ 6, 8, 10 ಅಡಿಗೆ ಗೆರೆ ಎಳೆದಿರುತ್ತೇವೆ. ನಿಮ್ಮ ಸೋಫಾ ಎಷ್ಟು ದೂರವಿದೆಯೋ ಆ ಗೆರೆಯ ಮೇಲೆ ಕುರ್ಚಿ ಹಾಕಿ ಕುಳಿತು, ನೀವು ದಿನವೂ ನೋಡುವ ಧಾರಾವಾಹಿಯನ್ನೋ ವಾರ್ತೆಯನ್ನೋ ಹಾಕಿಸಿ ನೋಡಬಹುದು. ಎರಡನೆಯ ಬದಲಾವಣೆ: ಚೆನ್ನಾಗಿ ಓಡುತ್ತಿರುವ ಫುಲ್ ಎಚ್‌ಡಿ ಟಿವಿಯನ್ನು ಎಕ್ಸ್‌ಚೇಂಜ್‌ಗೆ ಹಾಕಿ, ಅದರ ನಾಲ್ಕು ಪಟ್ಟು ಚುಕ್ಕಿಗಳಿರುವ 4ಕೆ ಟಿವಿ ತೆಗೆದುಕೊಳ್ಳುವವರಿಂದ ಮುಂಗಡ ಪಡೆಯುವ ಮೊದಲು ನಾವೇ ಮನೆಗೆ ಬಂದು ನೋಡುತ್ತೇವೆ. ಭೇಟಿಗೆ ಹಣವಿಲ್ಲ, ನಾವು ಬಂದು ನೋಡಿದೆವೆಂದು ನೀವು ಕೊಳ್ಳಬೇಕಾಗಿಯೂ ಇಲ್ಲ.

32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಕಾಫಿ ಕೊಯ್ಲಿನ ಹಣ ಕೈಗೆ ಬರುವ ಹೊತ್ತೂ ಹತ್ತಿರವಾಗಿದೆ. ಈಗ ಟಿವಿ ಬದಲಿಸಲೇ ಎಂದು ಕೇಳುವವರಿಗೆ ಸರಿಯಾದ ಉತ್ತರ ಸಿಗಬೇಕಾದರೆ ಟಿವಿಯ ಜೊತೆಗೆ ಮನೆಯನ್ನೂ ನೋಡಬೇಕು. ಚಿತ್ರ ಚೆನ್ನಾಗಿಲ್ಲ ಎನ್ನುವ ಕಡೆ ಬಹಳ ಸಲ ತೊಂದರೆ ಇರುವುದು ಟಿವಿಯೊಳಗೆ ಬರುವ ಸಿಗ್ನಲ್‌ನಲ್ಲಿ.

ಡೆಮೊ ವಿಡಿಯೊ ತೆಗೆದದ್ದೇಕೆಂದರೆ, ಅದು 4ಕೆಯಲ್ಲೇ ಚಿತ್ರೀಕರಿಸಿದ್ದು. ಟಿವಿಯೂ ಅಂಗಡಿಯಲ್ಲಿ ಎದ್ದು ಕಾಣಲೆಂದು ಬಣ್ಣ ಹೆಚ್ಚಿಸುವ ವಿವಿಡ್ ಮೋಡಿನಲ್ಲಿ, ಪೂರ್ತಿ ಬೆಳಕಿನಲ್ಲಿ ಓಡುತ್ತಿರುತ್ತದೆ. ಗ್ರಾಹಕರು ನಿಲ್ಲುವುದು ಮೂರು ಅಡಿ ದೂರದಲ್ಲಿ. ಮನೆಯಲ್ಲಿ ಈ ಮೂರೂ ಇರುವುದಿಲ್ಲ. ಇನ್ನು ಮುಂದೆ ಅಂಗಡಿಯಲ್ಲೂ ಟಿವಿಗಳು ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಮೋಡಿನಲ್ಲೇ ಇರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಮಾಮೂಲಿ ಎಸ್‌ಡಿ ವಾಹಿನಿಯ ಚಿತ್ರದಲ್ಲಿ 720 ಅಡ್ಡ, 576 ಉದ್ದ, ಅಂದರೆ ಸುಮಾರು 4.15 ಲಕ್ಷ ಚುಕ್ಕಿಗಳು. ಫುಲ್ ಎಚ್‌ಡಿಯಲ್ಲಿ 1920 ಅಡ್ಡ, 1080 ಉದ್ದ, ಸುಮಾರು 20.7 ಲಕ್ಷ. 4ಕೆಯಲ್ಲಿ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ. ಎಸ್‌ಡಿ ವಾಹಿನಿಯನ್ನು 4ಕೆ ಟಿವಿಯಲ್ಲಿ ಹಾಕಿದರೆ ಬಂದ ಒಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿಯ ಜಾಗ ತುಂಬಬೇಕು. ಇಲ್ಲದ ವಿವರವನ್ನು ಟಿವಿಯ ಚಿಪ್ ಅಂದಾಜಿನಲ್ಲಿ ಹಾಕುತ್ತದೆ. ಅದಕ್ಕೇ ಹಳೆಯ 32 ಇಂಚಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ವಾಹಿನಿ ಹೊಸ 55 ಇಂಚಿನಲ್ಲಿ ಮಸುಕಾಗಿ, ಮುಖಗಳ ಅಂಚು ಒಡೆದಂತೆ ಕಾಣುವುದು. ಅಂಥ ಟಿವಿ ಈಗಾಗಲೇ ಮನೆಯಲ್ಲಿದ್ದರೆ ಶಾರ್ಪ್‌ನೆಸ್ ಬಹಳ ಕಡಿಮೆ ಮಾಡಿ, ನಾಯ್ಸ್ ರಿಡಕ್ಷನ್ ಆನ್ ಮಾಡಿ. ಸ್ವಲ್ಪ ಸುಧಾರಿಸುತ್ತದೆ.

ದೂರಕ್ಕೆ ಸುಲಭದ ಗುಣಾಕಾರವೊಂದಿದೆ. ಟಿವಿಯ ಇಂಚನ್ನು 0.13ರಿಂದ ಗುಣಿಸಿದರೆ ಅಡಿ ಬರುತ್ತದೆ. ಅದಕ್ಕಿಂತ ಹಿಂದೆ ಕುಳಿತರೆ ಒಳ್ಳೆಯ ದೃಷ್ಟಿಯವರಿಗೂ ಫುಲ್ ಎಚ್‌ಡಿಯ ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಕಾಣದ ಮೇಲೆ ಅವನ್ನು ಇನ್ನೂ ಸಣ್ಣದು ಮಾಡಿದ 4ಕೆಯಿಂದ ಹೆಚ್ಚುವರಿ ಲಾಭ ಇರುವುದಿಲ್ಲ. 43 ಇಂಚಿಗೆ ಇದು 5.6 ಅಡಿ, 55ಕ್ಕೆ 7.2, 65ಕ್ಕೆ ಸುಮಾರು 8.5, 75ಕ್ಕೆ 9.8. ಹಳೆಯ ಮನೆಗಳ ಉದ್ದನೆಯ ಹಾಲ್‌ನಲ್ಲಿ ಸೋಫಾ ಗೋಡೆಗೆ ತಾಗಿ 10 ಅಡಿ ದೂರದಲ್ಲಿದ್ದರೆ, 43 ಇಂಚಿನ ಫುಲ್ ಎಚ್‌ಡಿ ಬಿಟ್ಟು 43 ಇಂಚಿನದೇ 4ಕೆ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂಥ ಬದಲಾವಣೆಗೆ ಇನ್ನು ನಾವು ಎಕ್ಸ್‌ಚೇಂಜ್ ಕೊಡುವುದಿಲ್ಲ. ಹಳೆಯದು ಕೆಟ್ಟು ಹೊಸದು ಬೇಕಾದವರ ಮಾತು ಬೇರೆ. 50 ಇಂಚು ದಾಟಿದ ಮೇಲೆ ಈಗ ಬರುವ ಟಿವಿಗಳು ಬಹುತೇಕ 4ಕೆಯೇ. ಅಲ್ಲಿ ಗಾತ್ರ ಮತ್ತು ಪ್ಯಾನೆಲ್ (ಪರದೆಯ ಬಗೆ) ನೋಡಿ ಆರಿಸಿ, 4ಕೆ ತಾನಾಗಿ ಬರುತ್ತದೆ. 8ಕೆ ಟಿವಿ ನಾವು ಇಡುವುದಿಲ್ಲ. ಅದರ 3.3 ಕೋಟಿ ಚುಕ್ಕಿಗಳಿಗೆ ತಕ್ಕ ಕಾರ್ಯಕ್ರಮ ನಮ್ಮ ವಾಹಿನಿಗಳಲ್ಲಿಲ್ಲ.

ಮನೆಗೆ ಬಂದಾಗ ಮೊದಲು ನೋಡುವುದು ಟಿವಿಯ ಹಿಂಬದಿ. ಎಷ್ಟೋ ಕಡೆ ಬಾಕ್ಸ್ ಎಚ್‌ಡಿಯದು, ತಿಂಗಳಿಗೆ ಎಚ್‌ಡಿ ಪ್ಯಾಕಿನ ಹಣವೂ ಹೋಗುತ್ತಿರುತ್ತದೆ, ಆದರೆ ಬಾಕ್ಸಿನಿಂದ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ವೈರು. ಚಿತ್ರ ಹೋಗುವುದು ಹಳದಿ ಪಿನ್ನಿನಲ್ಲಿ, ಅದರಲ್ಲಿ ಎಸ್‌ಡಿಗಿಂತ ಹೆಚ್ಚು ಹೋಗುವುದೇ ಇಲ್ಲ. ಹಳೆಯ ಟಿವಿಯಿಂದ ಬಿಚ್ಚಿದ ವೈರನ್ನೇ ಹೊಸದಕ್ಕೆ ಚುಚ್ಚಿದಾಗ ಹೀಗಾಗುತ್ತದೆ. ಒಂದು ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ 576ರಲ್ಲಿದ್ದರೆ (ಎಸ್‌ಡಿ) ಅದನ್ನು 1080ಐಗೆ (ಎಚ್‌ಡಿ) ಬದಲಿಸಿದರೆ ಅದೇ ಟಿವಿ ಬೇರೆಯೇ ಆಗಿ ಕಾಣುತ್ತದೆ. ಸರಿಯಾಯಿತೇ ಎಂದು ತಿಳಿಯಲು ಟಿವಿ ರಿಮೋಟಿನ ಇನ್ಫೋ ಗುಂಡಿ ಒತ್ತಿ. ಮೂಲೆಯಲ್ಲಿ 1080 ಎಂದು ಬರಬೇಕು. ಆಮೇಲೆ ಎಚ್‌ಡಿ ವಾಹಿನಿಯ ಸಂಖ್ಯೆಯನ್ನೇ ಹಾಕಿ. ಅಭ್ಯಾಸಬಲದಿಂದ ಹಳೆಯ ಎಸ್‌ಡಿ ಸಂಖ್ಯೆ ಒತ್ತುವವರು ಬಹಳ, ಆಗ ಟಿವಿ 1080 ಎಂದು ತೋರಿಸಿದರೂ ಒಳಗಿನ ಚಿತ್ರ ಎಸ್‌ಡಿಯೇ. ಇಷ್ಟು ಮಾಡಿಕೊಡಲು ನಮ್ಮವರು ಕೇಬಲ್‌ನ ಬೆಲೆ ಮಾತ್ರ ತೆಗೆದುಕೊಳ್ಳುತ್ತಾರೆ. ಎಚ್‌ಡಿ ವಾಹಿನಿಗಳು ಬರುವುದು 1080ಐಯಲ್ಲಿ. ದಿನದ ಕನ್ನಡ ಧಾರಾವಾಹಿ, ವಾರ್ತೆಗಳಿಗೆ 4ಕೆ ಪ್ರಸಾರ ಇಲ್ಲ. ಬರೀ ಕೇಬಲ್ ಅಥವಾ ಡಿಶ್ ನೋಡುವ ಮನೆಗೆ ಒಳ್ಳೆಯ ಫುಲ್ ಎಚ್‌ಡಿ ಟಿವಿ ಸಾಕು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆಯಲ್ಲಿ ಡಿಶ್ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದಕ್ಕೂ ಟಿವಿಗೂ ಸಂಬಂಧವಿಲ್ಲ. ಉಪಗ್ರಹದಿಂದ ಡಿಶ್‌ಗೆ ಬರುವ ತರಂಗವನ್ನು ಮಳೆಹನಿಗಳು ಹೀರುತ್ತವೆ. ಡಿಶ್‌ನ ದಿಕ್ಕು ಸರಿ ಮಾಡಿ, ತುಕ್ಕು ಹಿಡಿದ ಪಿನ್ನು ಬದಲಿಸಿ, ನೀರಿಳಿಯದಂತೆ ಟೇಪು ಸುತ್ತಿದರೆ ಮಾಮೂಲಿ ಮಳೆ ತಡೆದುಕೊಳ್ಳುತ್ತದೆ. ಭಾಗಮಂಡಲದ ಕಡೆಯ ಆಷಾಢದ ಮಳೆಗೆ ಅದೂ ಸಾಲದು.

4ಕೆ ನಿಜವಾಗಿ ಬರುವುದು ಇಂಟರ್‌ನೆಟ್‌ನಲ್ಲಿ. ನೆಟ್‌ಫ್ಲಿಕ್ಸ್ 4ಕೆಗೆ ಕನಿಷ್ಠ 15 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ಇರಲಿ ಎನ್ನುತ್ತದೆ, ಫುಲ್ ಎಚ್‌ಡಿಗೆ 5 ಸಾಕು. ಭಾರತದಲ್ಲಿ ಅದರ 4ಕೆ ಸಿಗುವುದು ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ. ಗಂಟೆಗೆ 7 ಜಿಬಿವರೆಗೆ ಡೇಟಾ ಹೋಗುತ್ತದೆ. ಫೈಬರ್ ತಲುಪದ ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದರೆ ದಿನದ 2 ಜಿಬಿ ಪ್ಯಾಕ್ ಹದಿನೇಳು ನಿಮಿಷಕ್ಕೆ ಮುಗಿಯಬಹುದು. ಫೈಬರ್ ಇರುವ ಮನೆಗಳಲ್ಲೂ ದಪ್ಪ ಗೋಡೆ ದಾಟಿ ವೈಫೈ ಸೊರಗುತ್ತದೆ. ಮೊಬೈಲಿನಲ್ಲಿ ವೇಗ ಅಳೆಯುವುದಾದರೆ ರೂಟರ್ ಪಕ್ಕ ನಿಂತು ಅಳೆಯಬೇಡಿ, ಟಿವಿ ಇರುವಲ್ಲಿ, ರಾತ್ರಿ ಎಂಟರಿಂದ ಹತ್ತರೊಳಗೆ ಅಳೆಯಿರಿ. 25 ಎಂಬಿಪಿಎಸ್ ಬಂದರೆ ನಿಶ್ಚಿಂತೆ. ಬರದಿದ್ದರೆ ರೂಟರ್‌ನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯುವುದೇ ಒಳ್ಳೆಯದು. ಟಿವಿಯ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದೇ ಆದರೂ 4ಕೆಗೆ ಧಾರಾಳವಾಯಿತು.

ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಾಗಿ ತೋರಿಸುವ ಬಗೆ) ಎಂಬ ಸ್ಟಿಕ್ಕರ್ ನೋಡಿ ಹಣ ಕೊಡಬೇಡಿ. ಕಡಿಮೆ ಬೆಲೆಯ ಟಿವಿಗಳು ಎಚ್‌ಡಿಆರ್ ಸಿಗ್ನಲ್ ತೆಗೆದುಕೊಳ್ಳುತ್ತವೆ, ಅದಕ್ಕೆ ಬೇಕಾದ ಬೆಳಕು ಮಾತ್ರ ಪರದೆಗಿರುವುದಿಲ್ಲ. ಚಿತ್ರ ಕಪ್ಪುಕಪ್ಪಾಗುತ್ತದೆ. ಪ್ಯಾನೆಲ್ ಯಾವುದೆಂದು ಕೇಳಿ. ಮನೆಮಂದಿಯೆಲ್ಲ ಅಕ್ಕಪಕ್ಕದಲ್ಲಿ ಕುಳಿತು ಹಾಕಿ ಆಟದ ಪಂದ್ಯ ನೋಡುವ ಹಾಲ್‌ಗೆ ಐಪಿಎಸ್ ಎಂಬ ಪ್ಯಾನೆಲ್ ಒಳ್ಳೆಯದು, ಬದಿಯಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಕತ್ತಲೆ ಮಾಡಿ ಎದುರಿಗೆ ಕುಳಿತು ಸಿನಿಮಾ ನೋಡುವವರಿಗೆ ಕಪ್ಪನ್ನು ಗಾಢವಾಗಿ ತೋರಿಸುವ ವಿಎ ಪ್ಯಾನೆಲ್.

ಟಿವಿ ದೊಡ್ಡದಾದಷ್ಟೂ ಕೆಟ್ಟಾಗಿನ ನಷ್ಟವೂ ದೊಡ್ಡದು, ಹಾಗಾಗಿ ಜಾಗವನ್ನೂ ನೋಡುತ್ತೇವೆ. ಮಳೆ ಹೊಡೆಯುವ ಹೊರಗೋಡೆಗೆ ಟಿವಿ ತೂಗುಹಾಕಬೇಡಿ. ಬೇರೆ ಗೋಡೆ ಇಲ್ಲದಿದ್ದರೆ ಎರಡು ಇಂಚಾದರೂ ಗಾಳಿಯಾಡುವ ಜಾಗ ಬಿಡಿ. ಮಳೆಗಾಲದಲ್ಲಿ ವಾರಗಟ್ಟಲೆ ಬಂದ್ ಮಾಡಿಟ್ಟ ಟಿವಿಯಲ್ಲಿ ಪ್ಯಾನೆಲ್ ಅಂಚಿನ ತೆಳು ರಿಬ್ಬನ್‌ಗಳಿಗೆ ತೇವ ಸೇರಿ ಉದ್ದುದ್ದ ಗೆರೆಗಳು ಮೂಡುತ್ತವೆ. ದಿನಕ್ಕೆ ಅರ್ಧ ಗಂಟೆ ಹಾಕಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಮಣ್ಣಿನ ಹಳೆಯ ಗೋಡೆಯಲ್ಲಿ ಬೋಲ್ಟು ಭದ್ರವಾಗಿ ಹಿಡಿಯುವುದಿಲ್ಲ, ಅಲ್ಲಿ ಸ್ಟ್ಯಾಂಡೇ ಸರಿ. 55 ಇಂಚಿನ ಟಿವಿಯ ಕಾಲುಗಳು ಎರಡು ತುದಿಗೆ ಬರುವುದುಂಟು, ಮೇಜಿನ ಅಗಲ ಅಳೆದುಕೊಳ್ಳಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಮಾತ್ರ ತೆಗೆದರೆ ಸಾಲದು. ಸಿಡಿಲಿನ ಹೊಡೆತ ಡಿಶ್ ವೈರಿನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿವಿಯ ಮೇನ್ ಬೋರ್ಡಿಗೆ ಹೋಗುತ್ತದೆ. ಪ್ಲಗ್ ತೆಗೆದ ಟಿವಿಯಲ್ಲೂ ಎಚ್‌ಡಿಎಂಐ ಪೋರ್ಟ್ ಸುಡುವುದು ಇದರಿಂದಲೇ. ಮೋಡ ಕಟ್ಟಿದ ಕೂಡಲೇ ಬಾಕ್ಸಿನ ಹಿಂದಿನ ಡಿಶ್ ವೈರನ್ನೂ, ರೂಟರ್‌ಗೆ ತಾಮ್ರದ ವೈರು ಬರುತ್ತಿದ್ದರೆ ಅದನ್ನೂ ಬಿಚ್ಚಿಡಿ. ಸ್ಪೈಕ್ ಗಾರ್ಡ್ ಹಾಕುವುದಾದರೆ ಅರ್ಥಿಂಗ್ ಸರಿಯಿದೆಯೇ ಎಂದು ಮೊದಲು ನೋಡಿಸಿ, ಅರ್ಥಿಂಗ್ ಇಲ್ಲದೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ.

ಮನೆ ಭೇಟಿ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತಮುತ್ತ ವಾರದೊಳಗೆ ಆಗುತ್ತದೆ. ಸಿದ್ದಾಪುರ, ನಾಪೋಕ್ಲು ಕಡೆಯವರಿಗೆ ಒಂದೇ ದಾರಿಯ ಮೂರು ನಾಲ್ಕು ಮನೆಗಳನ್ನು ಒಟ್ಟು ಮಾಡಿಕೊಂಡು ಬರುತ್ತೇವೆ, ಸ್ವಲ್ಪ ತಡವಾಗಬಹುದು. ಜನವರಿ 31ರೊಳಗೆ ಮುಂಗಡ ಕೊಟ್ಟವರಿಗೆ ಹಳೆಯ ಎಕ್ಸ್‌ಚೇಂಜ್ ದರವೇ ಸಿಗುತ್ತದೆ. ಅವರೂ ಬೇಕಿದ್ದರೆ ಭೇಟಿ ಕೇಳಬಹುದು, ನೋಡಿದ ಮೇಲೆ ಬೇಡವೆನಿಸಿದರೆ ಮುಂಗಡ ಪೂರ್ತಿ ವಾಪಸ್. ಅಂಗಡಿಗೆ ಬರುವವರು ಟಿವಿಯ ಮತ್ತು ಬಾಕ್ಸಿನ ಹಿಂಬದಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು, ಸೋಫಾದಿಂದ ಟಿವಿಗೆ ಎಷ್ಟು ಅಡಿ ಎಂದು ಅಳೆದು ಬರೆದುಕೊಂಡು ಬನ್ನಿ.

ಇಂತಿ,
ಮಾರಾಟ ಮತ್ತು ದುರಸ್ತಿ ವಿಭಾಗ, ವಿರಾಜಪೇಟೆ