ಮನೆಗೆ ಬಂದ ಜ್ಯೂರಿ ಪತ್ರ

ಕಳೆದ ತಿಂಗಳು ಇಲ್ಲಿ ಬ್ರಿಟನ್‌ನಲ್ಲಿರುವ ನಮ್ಮ ಸಂಘದ ಸದಸ್ಯರೊಬ್ಬರು ಗಾಬರಿಯಿಂದ ಫೋನ್ ಮಾಡಿದರು. ಜ್ಯೂರಿಗೆ, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಕೊಡುವ ಹನ್ನೆರಡು ಸಾಮಾನ್ಯ ಜನರ ಗುಂಪಿಗೆ, ಬರಬೇಕೆಂದು ಪತ್ರ ಬಂದಿತ್ತು. "ನನ್ನ ಹತ್ತಿರ ಇರೋದು ಇಂಡಿಯನ್ ಪಾಸ್‌ಪೋರ್ಟ್. ಏನೋ ತಪ್ಪಾಗಿದೆ ಅಲ್ವಾ?" ಎಂದು ಕೇಳಿದರು.

ತಪ್ಪೇನೂ ಆಗಿರಲಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಇಲ್ಲಿ ನೆಲೆಸಿರುವ ನಮ್ಮವರ ಹೆಸರೂ ಮತದಾರರ ಪಟ್ಟಿಯಲ್ಲಿರುತ್ತದೆ. ಜ್ಯೂರಿಗೆ ಹೆಸರು ಎತ್ತುವುದು ಅದೇ ಪಟ್ಟಿಯಿಂದ. ಇಂಗ್ಲೆಂಡ್, ವೇಲ್ಸ್‌ನಲ್ಲಿ 18ರಿಂದ 75 ವಯಸ್ಸಿನವರು, 13 ತುಂಬಿದ ಮೇಲೆ ಕನಿಷ್ಠ ಐದು ವರ್ಷ ಈ ದೇಶದಲ್ಲಿ ಇದ್ದವರು ಕೂರಬಹುದು.

"ಕಾನೂನೇ ಗೊತ್ತಿಲ್ಲ, ಅಲ್ಲಿ ಏನು ಮಾಡಲಿ?" ಅನ್ನುವುದು ಅವರ ಮುಂದಿನ ಚಿಂತೆ. ಈ ಭಯ ನನಗೆ ಅರ್ಥವಾಗುತ್ತದೆ. ಭಾರತದಲ್ಲಿ ಕ್ರಿಮಿನಲ್ ಕೇಸುಗಳಿಗೆ ಜ್ಯೂರಿ ಇಲ್ಲವಾಗಿ ದಶಕಗಳೇ ಕಳೆದಿವೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡೇ ಇಲ್ಲ. ಇಲ್ಲಿ ಕಾನೂನು ತಿಳಿಸಿ ಹೇಳುವುದು ಜಡ್ಜ್ ಕೆಲಸ. ನಡೆದದ್ದೇನು ಎಂದು ತೀರ್ಮಾನಿಸುವುದು ಆ ಹನ್ನೆರಡು ಜನರ ಕೆಲಸ.

ಸಾಮಾನ್ಯವಾಗಿ ಅಪರಾಧಕ್ಕೆ ಎರಡು ಬೇಕು: ಮಾಡಿದ ಕೆಲಸ, ಅದರ ಹಿಂದಿನ ಮನಸ್ಸು. ಹಬ್ಬದೂಟ ಮುಗಿಸಿ ಹೊರಡುವಾಗ ತನ್ನದೇ ಎಂದುಕೊಂಡು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದವರು ಕಳ್ಳರಲ್ಲ.

ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. 1934ರ ಡಿಸೆಂಬರ್‌ನಲ್ಲಿ ರೆಜಿನಾಲ್ಡ್ ವುಲ್ಮಿಂಗ್ಟನ್ ಎಂಬ 21 ವರ್ಷದ ಕೂಲಿಯಾಳಿನ ಕೈಯಲ್ಲಿದ್ದ ಬಂದೂಕಿನಿಂದ ಗುಂಡು ಹಾರಿ ಅವನ ಹೆಂಡತಿ ಸತ್ತಳು. ಅವಳು ಮನೆ ಬಿಟ್ಟು ತಾಯಿಯ ಹತ್ತಿರ ಹೋಗಿದ್ದಳು. ವಾಪಸ್ ಬರದಿದ್ದರೆ ಸಾಯುತ್ತೇನೆ ಎಂದು ಹೆದರಿಸಲು ಹೋಗಿದ್ದೆ, ಗುಂಡು ತಾನಾಗಿ ಹಾರಿತು ಎಂದು ಅವನು ಹೇಳಿದ. ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೇ ವಿಚಾರಣೆಯಲ್ಲಿ, ಆಕಸ್ಮಿಕ ಎಂದು ಮನಗಾಣಿಸಬೇಕಾದವನು ಆರೋಪಿಯೇ ಎಂದು ಜಡ್ಜ್ ಜ್ಯೂರಿಗೆ ತಿಳಿಸಿದರು. ಗಲ್ಲು ಶಿಕ್ಷೆಯಾಯಿತು. 1935ರಲ್ಲಿ, ಆಗ ದೇಶದ ಅತಿ ಮೇಲಿನ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ರದ್ದು ಮಾಡಿತು. ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರದ್ದು, ಸಕಾರಣವಾದ ಅನುಮಾನ ಉಳಿದರೆ ಆರೋಪಿಗೆ ಬಿಡುಗಡೆ ಎಂದಿತು. ಕೆಲವು ವಿನಾಯಿತಿಗಳಿವೆ, ಆದರೆ ನಿಯಮ ಇದೇ. ಆ ತೀರ್ಪು ಹೇಳಿದ ಜಡ್ಜ್ ಲಾರ್ಡ್ ಸ್ಯಾಂಕಿ ಇದನ್ನು ಇಂಗ್ಲಿಷ್ ಕಾನೂನಿನ ನೇಯ್ಗೆಯಲ್ಲಿ ಕಾಣುವ ಚಿನ್ನದ ಎಳೆ ಎಂದು ಕರೆದರು. ಒಬ್ಬ ಬಡ ಹುಡುಗನ ಕೇಸಿನಿಂದ ಇಷ್ಟು ಸ್ಪಷ್ಟವಾದ ಮಾತು ಬಂತು ಎನ್ನುವುದು ನನಗೆ ಬಹಳ ಮುಖ್ಯ.

ಇವತ್ತು ಜಡ್ಜ್ ಜ್ಯೂರಿಗೆ ಹೇಳುವುದು ಇನ್ನೂ ಸರಳ: ನಿಮಗೆ ಖಾತ್ರಿಯಾಗಬೇಕು. "ಮಾಡಿರಬಹುದು" ಸಾಲದು.

ನಿಮ್ಮ ಮನೆಗೂ ಪತ್ರ ಬಂದರೆ ದಯವಿಟ್ಟು ಹೋಗಿ. ನಮ್ಮಂಥವರೂ ಆ ಹನ್ನೆರಡರಲ್ಲಿ ಇರಬೇಕು. ಪ್ರಮಾಣವನ್ನು ಭಗವದ್ಗೀತೆಯ ಮೇಲೂ ಮಾಡಬಹುದು, ದೇವರ ಹೆಸರಿಲ್ಲದೆಯೂ ಮಾಡಬಹುದು. ಕೇಸಿನ ಬಗ್ಗೆ ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಅದೇ ಒಂದು ಅಪರಾಧ. ಪತ್ರ ಕಂಡೂ ಸುಮ್ನೆ ಇದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ತಕ್ಕ ಕಾರಣವಿದ್ದರೆ ಒಂದು ಸಲ, 12 ತಿಂಗಳೊಳಗಿನ ಬೇರೆ ದಿನಕ್ಕೆ ಮುಂದೂಡಿಸಿಕೊಳ್ಳಬಹುದು.

ನನಗೆ ಫೋನ್ ಮಾಡಿದವರಿಗೆ ಯುಗಾದಿಗೆ ಊರಿಗೆ ಹೋಗಲು ಟಿಕೆಟ್ ಆಗಿತ್ತು. ಜೂನ್ ತಿಂಗಳಲ್ಲಿ ಬರುತ್ತೇನೆ ಎಂದು ಉತ್ತರ ಬರೆದಿದ್ದಾರೆ.