ಆರು ಬಿದ್ದರೆ ಕಿತ್ತುಕೋ

ಆರ್ಹುಸ್, ಡೆನ್ಮಾರ್ಕ್
ಡಿಸೆಂಬರ್ 27

ಪ್ರೀತಿಯ ಗೆಳೆಯ,

ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ನೀನು ನಡುನಡುವೆ ನಗುತ್ತೀಯ, ನನಗೆ ಕಥೆ ಎಲ್ಲಿಗೆ ಬಂತು ಅನ್ನೋದೇ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲ ಕ್ರಿಸ್‌ಮಸ್‌ಗೆ ಆಫೀಸಿನವರೊಬ್ಬರು ಮನೆಗೆ ಕರೆದಿದ್ದರು. ಇಲ್ಲಿ ಹಬ್ಬದ ಊಟ, ಉಡುಗೊರೆ ಎಲ್ಲ 24ರ ಸಂಜೆಗೇ. ಸಂಜೆ ಅಂದರೂ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ ಬಿಡು. ಹಾಲ್‌ನಲ್ಲಿ ಮರ, ಅದರ ಕೊಂಬೆಗಳ ಮೇಲೆ ನಿಜವಾದ ಮೇಣದ ಬತ್ತಿ, ಪಕ್ಕದಲ್ಲಿ ಒಂದು ಬಕೆಟ್ ನೀರು. ಮರದ ಬುಡದಲ್ಲಿ ಉಡುಗೊರೆಗಳ ರಾಶಿ. ಮಕ್ಕಳು ಅದರ ಸುತ್ತ ಬೆಕ್ಕಿನ ಹಾಗೆ ಸುಳಿದಾಡುತ್ತಿದ್ದವು. ಮುಟ್ಟುವ ಹಾಗಿಲ್ಲ. ಮೊದಲು ಊಟ ಆಗಬೇಕು.

ಅವರಿಗೆ ಬಾತುಕೋಳಿ. ನನಗೆ ಕೆಂಪು ಎಲೆಕೋಸು, ಸಕ್ಕರೆ ಪಾಕದಲ್ಲಿ ಹೊರಳಿಸಿದ ಪುಟ್ಟ ಆಲೂಗಡ್ಡೆ. ಆಲೂಗಡ್ಡೆಗೆ ಸಕ್ಕರೆ ಯಾಕೆ ಅಂತ ಕೇಳಬೇಡ, ನಾನೂ ಕೇಳಲಿಲ್ಲ.

ಆಮೇಲೆ ಬಂತು ರಿಸಲಮಾಂಗ್. ಸುಮ್ನೆ ಹೇಳಬೇಕೆಂದರೆ ತಣ್ಣಗಿನ ಅಕ್ಕಿ ಪಾಯಸ. ಅದಕ್ಕೆ ನೊರೆ ಬರುವಂತೆ ಕಡೆದ ಕೆನೆ, ಹೆಚ್ಚಿದ ಬಾದಾಮಿ, ಮೇಲೆ ಬಿಸಿ ಚೆರ್ರಿ ಗೊಜ್ಜು. ಇಡೀ ಪಾತ್ರೆಯಲ್ಲಿ ಒಂದೇ ಒಂದು ಬಾದಾಮಿ ಮಾತ್ರ ಹೆಚ್ಚದೆ ಇಡಿಯಾಗಿ ಹಾಕಿರುತ್ತಾರೆ. ಅದು ಸಿಕ್ಕವರಿಗೆ ಉಡುಗೊರೆ. ಸಿಕ್ಕವರು ಹೇಳಬಾರದು. ದವಡೆಯಲ್ಲಿ ಬಚ್ಚಿಟ್ಟುಕೊಂಡು, ಏನೂ ಗೊತ್ತಿಲ್ಲದವರ ಹಾಗೆ ತಿನ್ನುತ್ತಲೇ ಇರಬೇಕು. ಉಳಿದವರು ಹೊಟ್ಟೆ ಬಿರಿದರೂ ಇನ್ನೊಂದು ಸೌಟು ಹಾಕಿಸಿಕೊಂಡು ಹುಡುಕುತ್ತಾರೆ. ಅಂದಿನ ಉಡುಗೊರೆ ಗುಲಾಬಿ ಬಣ್ಣದ ಹಂದಿ, ಮಾರ್ಜಿಪಾನ್‌ನದು. ಅಂದರೆ ನಮ್ಮ ಬಾದಾಮಿ ಬರ್ಫಿಯ ದೂರದ ನೆಂಟ.

ಈ ನಿಯಮ ನನಗೆ ಯಾರೂ ಮೊದಲೇ ಹೇಳಲಿಲ್ಲ ಮಾರಾಯ. ಎರಡನೇ ಚಮಚದಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ಮದುವೆಮನೆ ಪಾಯಸದ ಗೋಡಂಬಿ ಅಗಿದ ಹಾಗೆ ಅಗಿದು ನುಂಗಿದೆ. ಐದು ನಿಮಿಷ ಬಿಟ್ಟು ಅಜ್ಜ ನನಗೆ ಆಟ ವಿವರಿಸಿದರು. ಆಗ ಬಾಯಿ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ಅರ್ಧ ಗಂಟೆ ಎಲ್ಲರೂ ಒಬ್ಬರ ಕೆನ್ನೆ ಒಬ್ಬರು ದಿಟ್ಟಿಸುತ್ತಾ ತಿಂದರು. ಪಾತ್ರೆಯ ತಳ ಕಂಡಿತು. "ಹಾಕುವುದೇ ಮರೆತೆಯೇನೋ" ಅಂತ ಅಜ್ಜಿಗೆ ಬೈಗುಳ ಬೇರೆ. ಹಂದಿಗೆ ವಾರಸುದಾರರಿಲ್ಲ.

ಊಟ ಆಯಿತಲ್ಲ, ಈಗಲಾದರೂ ಉಡುಗೊರೆ? ಇಲ್ಲ. ಎಲ್ಲರೂ ಕೈ ಕೈ ಹಿಡಿದು ಮರದ ಸುತ್ತ ಹಾಡುತ್ತಾ ಸುತ್ತಬೇಕು. ಕೊನೆಯ ಹಾಡಿಗೆ ಆ ಸರಪಳಿಯೇ ಅಡುಗೆಮನೆ, ಮಲಗುವ ಕೋಣೆ ಎಲ್ಲ ಸುತ್ತಿ ಓಡಿ ಬಂತು. ಆಮೇಲೂ ಒಂದೊಂದೇ. ಆಗ ತಾನೇ ಓದಲು ಕಲಿತ ಹುಡುಗಿ ಚೀಟಿಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಹೆಸರಿನವರು ಬಿಚ್ಚುತ್ತಾರೆ, ಉಳಿದವರು ನೋಡುತ್ತಾರೆ. ಎರಡು ಗಂಟೆ ಹಿಡಿಯಿತು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಕಾಗದ ಚಿಂದಿಯಾಗಿ ಎರಡು ಜಗಳವೂ ಮುಗಿದಿರುತ್ತಿತ್ತು, ಅಲ್ವಾ?

ಕಾಫಿ ಆದ ಮೇಲೆ ಅಸಲಿ ಆಟ. ಪಕ್ಕೆಲೈ. ಪಕ್ಕೆ ಅಂದರೆ ಪೊಟ್ಟಣ, ಲೈ ಅಂದರೆ ಆಟ. ಎಲ್ಲರೂ ಎರಡೆರಡು ಅಗ್ಗದ ಸಾಮಾನು ಕಟ್ಟಿ ತಂದಿದ್ದರು. ಎಲ್ಲ ಮೇಜಿನ ನಡುವೆ. ದಾಳ ಕೈಯಿಂದ ಕೈಗೆ ಹೋಗುತ್ತದೆ. ಆರು ಬಿದ್ದರೆ ಒಂದು ಪೊಟ್ಟಣ ನಿನ್ನದು. ರಾಶಿ ಖಾಲಿಯಾದ ಮೇಲೆ ಯಾರೋ ಒಬ್ಬರು ಅಲಾರಂ ಇಡುತ್ತಾರೆ, ಎಷ್ಟು ನಿಮಿಷಕ್ಕೆ ಅಂತ ಹೇಳುವುದಿಲ್ಲ. ಇನ್ನು ಆರು ಬಿದ್ದರೆ ಯಾರ ಮುಂದಿನದನ್ನಾದರೂ ಕಿತ್ತುಕೊಳ್ಳಬಹುದು. ಒಳಗೇನಿದೆ ಯಾರಿಗೂ ಗೊತ್ತಿಲ್ಲ. ಆದರೂ ಕೈ ನಡುಗುತ್ತದೆ ನೋಡು!

ಲಿಫ್ಟ್‌ನಲ್ಲಿ ಪಕ್ಕ ನಿಂತರೂ ಮಾತಾಡದ ಜನ ಇವರು. ಅಲಾರಂ ಇಟ್ಟ ಕೂಡಲೇ ಅಜ್ಜಿ ಮೊಮ್ಮಗನ ಮುಂದಿನ ದೊಡ್ಡ ಡಬ್ಬಿಯನ್ನು ಮುಲಾಜಿಲ್ಲದೆ ಎಳೆದುಕೊಂಡರು. ಅವನು ಮುಂದಿನ ಸುತ್ತಿಗೇ ವಾಪಸ್ ಕಿತ್ತುಕೊಂಡ. ವಾರಸುದಾರರಿಲ್ಲದ ಹಂದಿಯನ್ನೂ ರಾಶಿಗೆ ಸೇರಿಸಿದ್ದರು. ಅದು ನನಗೇ ಬಂತು. ನ್ಯಾಯ ಸಿಕ್ಕಿತು ಅಂದುಕೊಂಡು ಮೊಣಕೈ ಅಡ್ಡ ಇಟ್ಟು ಕಾಯುತ್ತಿದ್ದೆ. ಅಜ್ಜಿಗೆ ಮತ್ತೆ ಆರು. ನನ್ನ ಮುಖ ನೋಡಿ ನಕ್ಕು, ಹಂದಿಯನ್ನು ಬಾಲ ಹಿಡಿದು ಎತ್ತಿಕೊಂಡರು. ಮರುಕ್ಷಣ ಅಲಾರಂ. ಅವರಿಗೆ ಬಾದಾಮಿ ವಿಷಯ ಗೊತ್ತಿತ್ತೋ ಏನೋ, ನನಗಿನ್ನೂ ಅನುಮಾನ.

ದೊಡ್ಡ ಡಬ್ಬಿಯಲ್ಲಿದ್ದದ್ದು ಪತ್ರಿಕೆ ಸುತ್ತಿದ ಒಂದು ಆಲೂಗಡ್ಡೆ. ನನಗೆ ಉಳಿದದ್ದು ಪಾತ್ರೆ ತೊಳೆಯುವ ಸ್ಪಾಂಜ್, ಟೊಮೆಟೊ ಸಾಸ್‌ನಲ್ಲಿ ಹಾಕಿದ ಬಂಗುಡೆ ಮೀನಿನ ಡಬ್ಬಿ. ಡಬ್ಬಿ ನಿನಗೆ ತರುತ್ತೇನೆ.

ಏಪ್ರಿಲ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ನಿಮ್ಮ ಅಟ್ಟದ ಮೇಲೆ ಚೌಕಾಬಾರದ ಕವಡೆ ಇರಬೇಕು, ಹುಡುಕಿಡು. ಚೌಕ ಬಿದ್ದರೆ ಒಂದು ಪೊಟ್ಟಣ, ಬಾರ ಬಿದ್ದರೆ ಕಿತ್ತುಕೊಳ್ಳುವುದು. ದಾಳದಲ್ಲಿ ಆರು ಬೀಳುವಷ್ಟು ಸಲೀಸಾಗಿ ಬಾರ ಬೀಳುವುದಿಲ್ಲ, ಅಲಾರಂ ಒಂದು ಗಂಟೆಗೆ ಇಡೋಣ. ನಿಮ್ಮಮ್ಮನನ್ನು ಮಾತ್ರ ನನ್ನ ಪಕ್ಕ ಕೂರಿಸಬೇಡ. ಅವರು ಕೇಳಿದಾಗಲೆಲ್ಲ ಬೀಳುತ್ತದೆ.

ಇಂತಿ ನಿನ್ನ,
ಹಂದಿ ಕಳೆದುಕೊಂಡವನು